ಜೀಸಿಸನ ಹೆಸರಿನ ಗೋಧಿ

ಆ ಶನಿವಾರ ಬೆಳಿಗ್ಗೆ ಮಳೆಯೂ ಅಲ್ಲದ, ಹಿಮವೂ ಅಲ್ಲದ ತುಂತುರು ಬೀಳುತ್ತಿತ್ತು. ಬೆಟ್ಟದ ತುದಿ ಮೋಡದಲ್ಲಿ ಮುಖ ಮುಚ್ಚಿಕೊಂಡಿತ್ತು. ಕಣಿವೆಯ ದಾರಿಯಲ್ಲಿ ಹಳೆಯ ಹಿಮ ಕರಗಿ ಕೆಸರಾಗಿತ್ತು. ಲಾಂಬ್ರೊ ಕರಿ ಶಾಲಿನ ಮರೆಯಲ್ಲಿ ಗೋಧಿಯ ತಟ್ಟೆಯನ್ನು ಎದೆಗವಚಿಕೊಂಡು ನಡೆದಿದ್ದಳು.

ಅದು ಸತ್ತವರ ಶನಿವಾರ. ಬೇಯಿಸಿದ ಗೋಧಿಗೆ ದಾಳಿಂಬೆ, ಒಣದ್ರಾಕ್ಷಿ ಬೆರೆಸಿ, ಮೇಲೆ ಸಕ್ಕರೆ ಹಾಸಿ ಹೆಂಗಸರು ಇಗರ್ಜಿಗೆ ಒಯ್ಯುವ ದಿನ. ಸತ್ತವರ ಹೆಸರಿನ ಗೋಧಿಯನ್ನು ಬೇಡವೆನ್ನುವವನು ಆ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಅಂಗೈ ಒಡ್ಡಬೇಕು, ‘ದೇವರು ಅವನನ್ನು ಕ್ಷಮಿಸಲಿ’ ಎನ್ನಬೇಕು, ಬಾಯಿಗೆ ಹಾಕಿಕೊಳ್ಳಬೇಕು. ಲಾಂಬ್ರೊ ನೆಚ್ಚಿಕೊಂಡಿದ್ದೂ ಅದನ್ನೇ. ಅವಳ ಸಕ್ಕರೆಯ ಕೆಳಗೆ, ಕುರುಬರು ತೋಳಗಳಿಗೆ ಮಾಂಸದಲ್ಲಿಟ್ಟು ಎಸೆಯುವ ಬಿಳಿ ಪುಡಿಯಿತ್ತು.

ಕೆಲವು ವರ್ಷಗಳ ಹಿಂದೆ ಮುಗಿದಿದ್ದ ಯುದ್ಧ, ಒಂದೇ ತಾಯಿಯ ಮಕ್ಕಳು ಎದುರುಬದುರು ಕೋವಿ ಹಿಡಿದು ನಿಂತದ್ದು. ಅವಳ ತಮ್ಮ ಜೀಸಿಸ್ ಸರಕಾರದ ವಿರುದ್ಧ ಎದ್ದ ಬೆಟ್ಟದ ಪಡೆಯ ಜೊತೆ ಹೋದವನು, ಕೋನಿತ್ಸ ಪಟ್ಟಣದ ಮೇಲಿನ ಗುಡ್ಡದಲ್ಲಿ ನಡೆದ ಚಳಿಗಾಲದ ಕಾಳಗದಿಂದ ಮರಳಲಿಲ್ಲ. ಸೋತ ಆ ಪಡೆಯಲ್ಲಿ ಬದುಕುಳಿದವರು ಸೆರೆಯ ದ್ವೀಪಗಳಿಂದ ಒಬ್ಬೊಬ್ಬರಾಗಿ ಊರು ಸೇರಿದಂತೆಲ್ಲ ಅವಳು ಅವರ ಹೊಸಿಲು ತುಳಿದಳು.

ಹಿಟ್ಟಿನ ಗಿರಣಿಯ ಥೀಮ್ಯೊ ಗಿರಣಿಯ ಸದ್ದಿನಲ್ಲೇ ಹೇಳಿದ್ದ: “ಜೀಸಿಸನ ಕಾಲಿಗೆ ಗುಂಡು ಬಿತ್ತು ಕಣಕ್ಕ. ನಮ್ಮ ಜೊತೇಲಿದ್ದ ನಾಸ್ಯೊ ಅವನ್ನ ಹೊತ್ಕೊಂಡ. ನಾ ಕಂಡಿದ್ದು ಅಷ್ಟೇ.”

ಯಾನಿನ ಎಂಬ ಪೇಟೆಯಲ್ಲಿ ಸಿಗರೇಟು ಮಾರುವ ಒಂಟಿಗೈ ಸ್ತೆರ್ಯೊ ಅವಳು ಕೊಡಿಸಿದ ಕಾಫಿಯನ್ನು ತಳದ ಗಷ್ಟಿನವರೆಗೂ ಕುಡಿದು ಬಾಯಿಬಿಟ್ಟಿದ್ದ. “ನಾಸ್ಯೊ ಕೆಳಗಿಳಿದಾಗ ಬೆನ್ನ ಮೇಲೆ ಯಾರೂ ಇರ್ಲಿಲ್ಲ. ಮೈಮೇಲೆ ಕಂಬಳಿ ಇತ್ತು.”

“ಎಂಥ ಕಂಬಳಿ?”

“ಮೇಕೆ ಕೂದಲಿಂದು. ಅಂಚಿಗೆ ಕೆಂಪು ದಾರ.”

ತಮ್ಮನ ಕಂಬಳಿಗೆ ಆ ದಾರ ಹೊಲಿದವಳು ಲಾಂಬ್ರೊ. ಅಂದಿನಿಂದ ಅವಳು ತಮ್ಮನ ಹೆಸರಿಗೆ ಗೋಧಿ ಬೇಯಿಸಿರಲಿಲ್ಲ. ಸೇಡು ತೀರದೆ ಗೋಧಿ ಬೇಯಿಸುವುದು ಸಾವಿಗೆ ತಲೆಯಾಡಿಸಿದ ಹಾಗೆ. ಪ್ರತಿದಿನ ದೀಪ ಹಚ್ಚಿ ಒಂದೇ ಮಾತು ಬೇಡುತ್ತಿದ್ದಳು: “ತಾಯಿ ಮರಿಯಮ್ಮ, ನಾಸ್ಯೊನ ಆಯಸ್ಸು ಕಾಪಾಡು, ನಾನು ಅವನ ಹತ್ರ ಹೋಗೋವರೆಗೆ.”

ಈಗ ನಾಸ್ಯೊ ಕಣಿವೆಯಾಚೆಯ ಈ ಊರಿನ ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚಿ, ಗಂಟೆ ಬಾರಿಸಿಕೊಂಡಿದ್ದಾನೆಂದು ತಿಳಿದು ಹೊರಟುಬಂದಿದ್ದಳು.

ಅಂಗಳದಲ್ಲಿ ಅಗೋರೊ ಎಂಬ ದಪ್ಪನೆಯ ಹೆಂಗಸು ಜಾಗ ಬಿಟ್ಟಳು. “ಯಾವೂರವ್ವ? ಈ ಕೆಸರಲ್ಲಿ ಇಲ್ಲೀಗಂಟ ಬಂದಿದೀಯ, ನಿಮ್ಮೂರಲ್ಲಿ ಪಾದ್ರಿಗೆ ಬರ ಬಂದೈತಾ?”

“ನಮ್ಮ ಪಾದ್ರಿಗೆ ಕೆಮ್ಮು.”

“ನಮ್ಮೋರಿಗೂ ಕೆಮ್ಮೇ. ಸತ್ತೋರ ಹೆಸರು ಓದೋವಾಗ ಮಾತ್ರ. ತಿನ್ನೋವಾಗಿಲ್ಲ.”

ಬಾಗಿಲಲ್ಲಿ ನಾಸ್ಯೊ ತಟ್ಟೆಗಳನ್ನು ಇಸಿದುಕೊಳ್ಳುತ್ತಿದ್ದ. ಬಡಕಲು ಆಸಾಮಿ. ಬೆರಳ ಸಂದುಗಳಲ್ಲಿ ಮೇಣ ಮೆತ್ತಿಕೊಂಡಿತ್ತು.

“ಯಾರ ಹೆಸರಿಗೆ, ಅಕ್ಕ?”

“ಜೀಸಿಸ್.”

“ಯಾವ ಜೀಸಿಸ್?”

“ಕಂಬಳಿ ಇಲ್ದೆ ಸತ್ತೋನು.” ಲಾಂಬ್ರೊ ತಟ್ಟೆ ಮುಂದೆ ಹಿಡಿದಳು. “ಕೈ ಒಡ್ಡು. ಮೊದಲ ತುತ್ತು ನಿಂದು.”

ನಾಸ್ಯೊನ ಮುಖ ಅವನ ಮೇಣದಷ್ಟೇ ಬಿಳುಪಾಯಿತು. ಅವನು ಓಡಲಿಲ್ಲ. “ತಿಂತೀನಿ ಅಕ್ಕ. ಪೂಜೆ ಆಗ್ಲಿ, ಎಲ್ಲರ ಜೊತೆ ತಿಂತೀನಿ” ಎಂದು ತಟ್ಟೆ ತೆಗೆದುಕೊಂಡು ಒಳಗೆ ತಿರುಗಿದ.

ಲಾಂಬ್ರೊಳ ಊರಲ್ಲಿ ಪ್ರತಿ ಹೆಂಗಸೂ ತನ್ನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು ತಾನೇ ಹಂಚುತ್ತಾಳೆ. ಎಲ್ಲೆಡೆಯೂ ಹಾಗೇ ಎಂದುಕೊಂಡಿದ್ದಳು. ಇಲ್ಲಿ ನಡುವೆ ದೊಡ್ಡ ತಾಮ್ರದ ಹಂಡೆಯಿತ್ತು.

“ನಮ್ಮಲ್ಲಿ ಎಲ್ಲಾ ಒಂದೇ ಹಂಡೆಗೆ ಕಣವ್ವ,” ಅಗೋರೊ ಕಿವಿಯಲ್ಲಿ ಉಸುರಿದಳು. “ಯುದ್ಧ ಆದ್ಮೇಲೆ ಪಾದ್ರಿಗಳು ಮಾಡಿದ್ದು. ಆ ಪಕ್ಷ ಈ ಪಕ್ಷ ಅಂತ ಹೆಣಗಳೂ ಕಿತ್ತಾಡಬಾರ್ದಂತೆ.”

ಹಂಡೆಯ ಸುತ್ತ ಮಕ್ಕಳು ಆಗಲೇ ಅಂಗೈ ತೊಳೆದು ನಿಂತಿದ್ದವು. ನಾಸ್ಯೊ ತಟ್ಟೆಯನ್ನು ಓರೆ ಮಾಡಿದ.

ಲಾಂಬ್ರೊ ನುಗ್ಗಿ ಅವನ ಕೈಗೆ ಹೊಡೆದಳು. ತಟ್ಟೆ ಕಲ್ಲುಹಾಸಿನ ಮೇಲೆ ಬಿದ್ದು ಗೋಧಿ ಚೆಲ್ಲಾಡಿತು.

“ಅಯ್ಯೋ ಪಾಪಿ! ಸತ್ತೋರ ಅನ್ನ!” ಹೆಂಗಸರು ಶಿಲುಬೆ ಗುರುತು ಹಾಕಿಕೊಂಡರು. ಒಂದು ಹೆಣ್ಣುಮಗು ದ್ರಾಕ್ಷಿಗೆ ಬಾಗಿತು. ಲಾಂಬ್ರೊ ಅದರ ರಟ್ಟೆ ಹಿಡಿದು ಎಳೆದಳು. “ಮುಟ್ಬೇಡ!”

ನಾಸ್ಯೊ ನೆಲದ ಸಕ್ಕರೆಯನ್ನು ನೋಡಿದ, ಮಗುವಿನ ರಟ್ಟೆ ಬಿಡದ ಅವಳ ಕೈಯನ್ನು ನೋಡಿದ. ಬೆಟ್ಟದವನಿಗೆ ತೋಳದ ಮದ್ದು ತಿಳಿಯದ್ದಲ್ಲ.

“ಹಿಂದಕ್ಕೆ ಸರೀರಿ. ಗೋಧೀಲಿ ಹುಳ ಬಿದ್ದಿತ್ತು. ಪಾಪ, ಈಗ ಕಣ್ಣಿಗೆ ಬಿತ್ತು ಅಕ್ಕನಿಗೆ” ಎಂದ. ಒಂದು ಕಾಳೂ ಬಿಡದೆ ಗುಡಿಸಿ, ಬೂದಿ ಹಾಕಿ ಕಲ್ಲು ಉಜ್ಜಿ, ಇಗರ್ಜಿಯ ಹಿಂದೆ ಆಳಕ್ಕೆ ಹೂತುಬಂದ.

ಒಳಗೆ ಹೆಸರುಗಳನ್ನು ಓದುತ್ತಿದ್ದರು. ಲಾಂಬ್ರೊ ಹೊರಗೆ ಸೈಪ್ರೆಸ್ ಮರದಡಿ ಕುಳಿತಿದ್ದಳು. ಅವಳ ಸಿಟ್ಟು ಆರಿರಲಿಲ್ಲ. ಅದರ ಕೈಯಲ್ಲಿದ್ದ ಆಯುಧ ಮಾತ್ರ ಬಿದ್ದುಹೋಗಿತ್ತು. ಮಗುವಿನ ರಟ್ಟೆಯ ಬಿಸಿ ಇನ್ನೂ ಅಂಗೈಯಲ್ಲಿತ್ತು. ದೇವರು ಒಮ್ಮೊಮ್ಮೆ ಹೀಗೆಯೇ ನಮ್ಮ ಕೈಯಿಂದಲೇ ನಮ್ಮ ಕೈ ಹಿಡಿಯುತ್ತಾನೆ.

ಜನ ಚದುರಿದ ಮೇಲೆ ನಾಸ್ಯೊ ಬಂದ. ತೊಳೆದ ತಟ್ಟೆಯಲ್ಲಿ ಹಂಡೆಯ ಗೋಧಿ ಒಂದು ಹಿಡಿ ಇತ್ತು. “ಇನ್ನೊಬ್ಬರ ಪಾತ್ರೆ ಬರಿದಾಗಿ ಕೊಡಬಾರ್ದು” ಎಂದು ಅವಳ ಪಕ್ಕ ಇಟ್ಟ. ಕಂಕುಳಲ್ಲಿ ಒಂದು ಗಂಟಿತ್ತು.

“ನೀನು ಇಳಿದು ಬಂದಾಗ,” ಅವಳು ಕೇಳಿದಳು, “ಅವನು ಉಸಿರಾಡ್ತಿದ್ನಾ?”

“ಆಡ್ತಿದ್ದ.”

ಕರಗಿದ ಹಿಮ ಮರದಿಂದ ತೊಟ್ಟಿಕ್ಕುತ್ತಿತ್ತು.

“ದೇವರು ಬೇಕಾದ್ರೆ ಕ್ಷಮಿಸ್ಲಿ. ನಾನು ಕ್ಷಮಿಸಲ್ಲ.”

“ಕೇಳಕ್ಕೂ ಬಂದಿಲ್ಲ ಅಕ್ಕ. ಸೆರೆಯಿಂದ ಬಿಟ್ಟ ವರ್ಷ ಆ ಗುಡ್ಡ ಹತ್ತಿದ್ದೆ. ಅವನದ್ದು ಉಳಿದಿದ್ದನ್ನ ಹುಡುಕಿ, ಸತ್ತೋರಿಗೆ ಮಾಡೋ ಪದ್ಧತಿ ಪ್ರಕಾರ ದ್ರಾಕ್ಷಾರಸದಲ್ಲಿ ತೊಳ್ದೆ. ನಿನ್ನ ಹೊಸಿಲಿಗೆ ಬರಕ್ಕೆ ಮಾತ್ರ ಕಾಲು ಏಳಲಿಲ್ಲ.”

ಅವನು ಗಂಟನ್ನು ಅವಳ ಮಡಿಲಲ್ಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಮೇಕೆ ಕೂದಲಿನ ಕಂಬಳಿಯೊಳಗೆ ಮೂಳೆಗಳು ಮೆಲ್ಲಗೆ ಒಂದಕ್ಕೊಂದು ತಾಗಿದವು. ಅಂಚಿನಲ್ಲಿ ಕೆಂಪು ದಾರವಿತ್ತು.