ಭಾವನಿಗೆ ಹಿಡಿದಿಟ್ಟ ಜಾಗ

ಅಣ್ಣ ತಮ್ಮ ಇಬ್ಬರೂ ಲಿಫ್ಟ್ ರಿಪೇರಿಯವರು. ಜನರನ್ನು ಮೇಲಕ್ಕೆ ಕಳಿಸುವುದೇ ನಮ್ಮ ಕಸುಬು, ಆದರೆ ವಾಪಸ್ಸೂ ಕರೆತರುತ್ತೇವೆ ಎಂದು ತಮ್ಮ ಹೋದಲ್ಲೆಲ್ಲ ನಗಿಸುತ್ತಿದ್ದ. ಅವನನ್ನು ಎತ್ತಿ ಆಡಿಸಿದವನು ಅಣ್ಣ. ಸ್ಪ್ಯಾನರ್ ಹಿಡಿಯಲು ಕಲಿಸಿದವನೂ ಅವನೇ.

ಅಂದು ಹಳೆಯ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ ಲಿಫ್ಟ್ ಬಾಗಿಲಿನ ಲಾಕ್ ಕೈಕೊಟ್ಟಿತ್ತು. ಮನೆಗಳವರು ಬೆಳಗಿನಿಂದ ಪ್ರಾಣ ತಿನ್ನುತ್ತಿದ್ದರು. ಅಣ್ಣ ಲಾಕ್ ಬಿಚ್ಚಿ, ಎರಡು ವೈರ್ ಜೋಡಿಸಿ, ಸದ್ಯಕ್ಕೆ ಓಡಲಿ ಎಂದು ಲಿಫ್ಟ್ ಚಾಲೂ ಮಾಡಿದ. ಲಿಫ್ಟ್ ಬಂದಿರಲಿ ಬಿಡಲಿ, ಇನ್ನು ಆ ಬಾಗಿಲು ಎಳೆದರೆ ತೆರೆಯುತ್ತಿತ್ತು. ತಮ್ಮನಿಗೊಂದು ಮಾತು ಹೇಳಬೇಕು ಅಂದುಕೊಳ್ಳುತ್ತಲೇ ಹೊಸ ಲಾಕ್ ತರಲು ಅಂಗಡಿಗೆ ಹೊರಟ. ಹೇಳಲಿಲ್ಲ. ತಮ್ಮ ಬ್ಯಾಗ್ ಹೆಗಲಿಗೇರಿಸಿ, ಎದುರು ಮನೆಯ ಅಜ್ಜಿಯ ಜೊತೆ ಏನೋ ತಮಾಷೆ ಮಾಡುತ್ತ, ಬಾಗಿಲು ಎಳೆದು ಕಾಲಿಟ್ಟ. ಒಳಗೆ ಲಿಫ್ಟ್ ಇರಲಿಲ್ಲ.

ಅಣ್ಣ ಏನನ್ನೂ ಮುಚ್ಚಿಡಲಿಲ್ಲ. ಪೊಲೀಸರಿಗೂ ತಮ್ಮನ ಹೆಂಡತಿಗೂ ತಾನೇ ಹೇಳಿದ. ಕೆಲಸ ಹೋಯಿತು, ಜೈಲೂ ಆಯಿತು. ಹೊರಬಂದ ಮೇಲೆ ಪಾದ್ರಿಯ ಬಳಿ ಮೊಣಕಾಲೂರಿ ಪಾಪ ಒಪ್ಪಿಕೊಂಡ. ನಮಗಾಗಿ ಸ್ವಂತ ಮಗನನ್ನೇ ಶಿಲುಬೆಗೆ ಕೊಟ್ಟ ದೇವರು ನಿನ್ನನ್ನು ಕೈಬಿಟ್ಟಾನೆಯೇ ಎಂದು ಪಾದ್ರಿ ಸಮಾಧಾನ ಹೇಳಿದರು.

“ದೇವರು ಕ್ಷಮಿಸ್ಬಹುದು ಫಾದರ್. ಆದ್ರೆ ಬಿದ್ದೋನು ನನ್ನ ತಮ್ಮ.”

ಅಷ್ಟು ಹೇಳಿ ಎದ್ದು ಹೊರಟ.

ಒಂದು ಸಂಜೆ ತಮ್ಮನ ಹೆಂಡತಿಯೇ ಅವನ ಕೋಣೆಗೆ ಬಂದಳು. ಅವನು ಗೋಡೆಗೆ ಆತುಕೊಂಡು ನಿಂತ.

“ಒಂದ್ಸಲ ಬೈದುಬಿಡಮ್ಮ. ಶಾಪ ಹಾಕು.”

“ಆಗಲ್ಲ ಭಾವ. ನಿಮ್ಮನ್ನ ಕ್ಷಮಿಸಿದೀನಿ. ಸುಲಭ ಅಂದ್ಕೋಬೇಡಿ. ರಾತ್ರಿ ಕಳೆಯೋದ್ರೊಳಗೆ ಆ ಕ್ಷಮೆಯೆಲ್ಲ ಕರಗಿಹೋಗಿರುತ್ತೆ. ಬೆಳಿಗ್ಗೆ ಎದ್ದು ದೇವರ ಹತ್ರ ಮತ್ತೆ ಬೇಡ್ಕೊಂಡು ತರ್ತೀನಿ. ಭಾನುವಾರ ಚರ್ಚಿಗೆ ಬನ್ನಿ.”

ಹೋದ. ಕೊನೆಯ ಬೆಂಚಿನಲ್ಲಿ ಅವಳ ಪಕ್ಕ ಕೂತ. ಪ್ರಸಾದಕ್ಕೆ ಎಲ್ಲರೂ ಎದ್ದರೂ ಅವನು ಏಳಲಿಲ್ಲ. ಕೊನೆಗೆ ಪಾದ್ರಿಯೇ ಇಳಿದು ಬಂದು, ಕ್ರಿಸ್ತನ ದೇಹ ಎನ್ನುತ್ತ ರೊಟ್ಟಿಯ ಚೂರು ಮುಂದೆ ಹಿಡಿದರು. ಅವನು ತನ್ನ ಅಂಗೈ ನೋಡಿಕೊಂಡ. ವೈರ್ ಜೋಡಿಸಿದ್ದು ಇದೇ ಬೆರಳುಗಳು. ತಲೆಯಲ್ಲಾಡಿಸಿ, ಜನರ ನಡುವೆ ದಾರಿ ಮಾಡಿಕೊಂಡು ಹೊರಬಿದ್ದ.

ಮುಂದಿನ ಭಾನುವಾರ ಬೀದಿಯ ಆಚೆ ಬದಿಯಲ್ಲೇ ನಿಂತ. ತೆರೆದ ಬಾಗಿಲಿನಿಂದ ಅವಳು ಕಾಣುತ್ತಿದ್ದಳು. ಪಕ್ಕದಲ್ಲಿ ತನ್ನ ಚೀಲವಿಟ್ಟು ಜಾಗ ಹಿಡಿದಿದ್ದಳು. ಯಾರೋ ಕೇಳಿದಾಗ, ನಮ್ಮ ಭಾವ ಬರುತ್ತಾರೆ ಎಂಬಂತೆ ಬಾಗಿಲ ಕಡೆ ಕೈ ತೋರಿಸಿದಳು.

ಅವನಿಗೆ ರಸ್ತೆ ದಾಟಲಾಗಲಿಲ್ಲ. ಒಳಗಿನ ಹಾಡು ಮುಗಿಯುವ ತನಕ ನಿಂತಿದ್ದು, ಜನ ಹೊರಬರುವ ಮೊದಲೇ ಮನೆಯ ದಾರಿ ಹಿಡಿದ.