ಲೊಸಲಿನಿಗೆ ಹೇಳದ ಮಾತು

ಲೊಸಲಿನಿಯನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ ಅಕೆನೆತಾ ಊಟ ಮುಟ್ಟಲಿಲ್ಲ. ಊರಿಗೆ ಊರೇ ಚಾಪೆಗಳ ಮೇಲೆ ಕೂತು ಬೇಯಿಸಿದ ಕೆಸವಿನ ಗೆಡ್ಡೆ, ತೆಂಗಿನ ಹಾಲಿನಲ್ಲಿ ಬೆಂದ ಮೀನು ತಿನ್ನುತ್ತಿತ್ತು. ದೇವರು ಕರೆಸಿಕೊಂಡ ಎಂದರು ಪಾದ್ರಿಗಳು. ಬಸುರಿ ಹೆಣ್ಣು, ಪಾಪ, ಎಂದರು ಹೆಂಗಸರು. ಅವಳ ಹೃದಯದ ಕಾಯಿಲೆಯ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ.

ಅಕೆನೆತಾಗೆ ಹದಿನೇಳು. ಅವಳ ಗೆಳತಿ ಲೊಸಲಿನಿ ಮೂರು ವರ್ಷ ದೊಡ್ಡವಳು. ಚಿಕ್ಕಂದಿನಲ್ಲಿ ಇಬ್ಬರಿಗೂ ಗಂಟಲು ನೋವು, ಜ್ವರ ಬಂದು, ಮಂಡಿ ಬಾತು, ಆ ಜ್ವರ ಹೋಗುವಾಗ ಹೃದಯದ ಕವಾಟವನ್ನು ಕಚ್ಚಿ ಹೋಗಿತ್ತು. ಅದು ಮರುಕಳಿಸದಂತೆ ತಿಂಗಳಿಗೊಂದು ಪೆನಿಸಿಲಿನ್ ಇಂಜೆಕ್ಷನ್. ಕೊಬ್ಬರಿ ಮೂಟೆಗಳ ನಡುವೆ ಲಾರಿಯಲ್ಲಿ ಕೂತು ಪಟ್ಟಣದ ಆಸ್ಪತ್ರೆಗೆ ಹೋಗುವುದು, ಬೆಂಚಿನ ಮೇಲೆ ಕಾಯುವುದು, ಚುಚ್ಚಿಸಿಕೊಂಡು ಬರುವಾಗ ದಾರಿಯುದ್ದಕ್ಕೂ ಒಂದೇ ಮಗ್ಗುಲಿಗೆ ಕೂರುವುದು. “ನಿಂದು ಎಡಗಡೆ, ನಂದು ಬಲಗಡೆ. ಇಬ್ಬರನ್ನೂ ಸೇರಿಸಿದ್ರೆ ಒಂದು ನೆಟ್ಟಗಿನ ಕುಂಡೆ ಆಗುತ್ತೆ ಕಣೆ” ಎಂದು ಲೊಸಲಿನಿ ನಗುತ್ತಿದ್ದಳು.

ಹೋದ ವರ್ಷ ಅವಳ ಮದುವೆಯಾಯಿತು. ಬಸುರಿಯಾದ ಮೇಲೆ ಏದುಸಿರು ಶುರುವಾಯಿತು. ಬಸುರಿಯರಿಗೆ ಅದೆಲ್ಲ ಇದ್ದದ್ದೇ ಎಂದು ಅತ್ತೆ ಹೇಳಿದಳು, ನರ್ಸೂ ಹೇಳಿದಳು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದಳು. ಏಳನೇ ತಿಂಗಳಲ್ಲಿ ಬಾಯಲ್ಲಿ ನೊರೆ ಬಂತು. ರಾಜಧಾನಿ ಸುವಾದ ದೊಡ್ಡ ಆಸ್ಪತ್ರೆಗೆ ಒಯ್ಯುತ್ತಿದ್ದ ದೋಣಿಯಲ್ಲೇ ಜೀವ ಹೋಯಿತು. ಹೊಟ್ಟೆಯಲ್ಲಿದ್ದದ್ದೂ ಹೋಯಿತು.

ಸಾವಿನ ಮನೆಗೆ ಆ ನರ್ಸ್ ಉನೈಸಿಯೂ ಎಲ್ಲರಂತೆ ಕಾಣಿಕೆಯ ಚಾಪೆ ತಂದಿದ್ದಳು. ಅಕೆನೆತಾ ಅವಳನ್ನು ಬಾಗಿಲಲ್ಲೇ ತಡೆದಳು.

“ಸಿಸ್ಟರ್, ಇವಳು ಸತ್ತದ್ದು ಯಾತರಿಂದ?”

ಉನೈಸಿ ದನಿ ತಗ್ಗಿಸಿದಳು. “ಅಂಥ ಕವಾಟ ಇಟ್ಕೊಂಡು ಬಸುರಿ ಆಗಬಾರದಿತ್ತು ಮಗಳೇ. ಮೊದಲೇ ಆಪರೇಷನ್ ಮಾಡಿಸ್ಕೊಂಡಿದ್ರೆ ಬದುಕ್ತಿದ್ಲೋ ಏನೋ.”

“ಅದನ್ನ ಅವಳಿಗೆ ಹೇಳಿದ್ರಾ?”

“ಡಾಕ್ಟರು ಹೇಳಿರ್ತಾರೆ ಅಂದ್ಕೊಂಡೆ.”

ಅಕೆನೆತಾ ನೇರ ಮನೆಗೆ ಬಂದಳು. ಅಮ್ಮ ಮೆರೆಯಾ ಹಿತ್ತಲಲ್ಲಿ ಮರಗೆಣಸು ಸುಲಿಯುತ್ತಿದ್ದಳು.

“ಅಮ್ಮಾ, ನನಗೆ ಹಾಳಾಗಿರೋದೂ ಅದೇ ಕವಾಟ ಅಲ್ವಾ?”

ಅಮ್ಮನ ಕೈಯಲ್ಲಿದ್ದ ಚಾಕು ನಿಂತಿತು. ಅಷ್ಟು ಸಾಕಾಗಿತ್ತು.

“ನಿನಗೆ ಗೊತ್ತಿತ್ತು.”

“ನೀನು ಹನ್ನೊಂದು ವರ್ಷದ ಕೂಸು ಆಗ. ಮುಂದೆ ಹೆರಿಗೆ ಕಷ್ಟ ಆಗಬಹುದು, ದೊಡ್ಡವಳಾದ್ಮೇಲೆ ಹೇಳಿ ಅಂದಿದ್ರು ಡಾಕ್ಟರು. ಊರಿಗೆ ಗೊತ್ತಾದ್ರೆ ತಿಮಿಂಗಿಲದ ಹಲ್ಲಿನ ಕಾಣಿಕೆ ಹಿಡ್ಕೊಂಡು ನಿನ್ನನ್ನ ಹೆಣ್ಣು ಕೇಳೋಕೆ ಯಾರೇ ಬರ್ತಾರೆ?”

“ಲೊಸಲಿನಿಗೆ ಬಂದಿತ್ತಲ್ಲ ಹಲ್ಲು. ಅದನ್ನ ಅವಳ ಗೋರಿ ಮೇಲಿಟ್ಟು ಬಾ, ಹೋಗು.”

ಮೆರೆಯಾ ಅತ್ತಳು. ಅಕೆನೆತಾ ಸಮಾಧಾನ ಮಾಡಲಿಲ್ಲ.

ಶಾಲೆಯಲ್ಲಿ ವೈಸಾಕೆ ಮೇಷ್ಟ್ರು ಆ ವರ್ಷವೆಲ್ಲ ಸುವಾದ ಮೆಡಿಕಲ್ ಕಾಲೇಜಿಗೆ ಹೆಸರು ಕೊಡು ಎಂದು ಅವಳ ಬೆನ್ನು ಬಿದ್ದಿದ್ದರು. ಕಾಯಿಲೆಯೇ ನಿನಗೆ ಸ್ಫೂರ್ತಿ ಎನ್ನುತ್ತಿದ್ದರು. “ಅದು ಸ್ಫೂರ್ತಿ ಅಲ್ಲ ಸರ್, ಸೂಜಿ” ಎಂದು ಅವಳು ಮಾತು ಮುಗಿಸುತ್ತಿದ್ದಳು. ಆಸ್ಪತ್ರೆಯ ಆ ಫಿನಾಯಿಲ್ ವಾಸನೆಯಲ್ಲಿ ಬದುಕಿಡೀ ಕಳೆಯುವುದು ಅವಳಿಗೆ ಬೇಡವಾಗಿತ್ತು.

ಮುಂದಿನ ಇಂಜೆಕ್ಷನ್ನಿನ ದಿನ ಒಬ್ಬಳೇ ಹೋದಳು. ಬೆಂಚಿನ ತುಂಬ ಅದೇ ಕಾಯಿಲೆಯ ಹುಡುಗಿಯರು. ಅವಳು ಕೂರಲಿಲ್ಲ.

“ನಿಮಗ್ಯಾರೂ ಹೇಳಿರಲ್ಲ, ನಾನು ಹೇಳ್ತೀನಿ ಕೇಳಿ” ಎಂದು ಶುರುಮಾಡಿದಳು. ಲೊಸಲಿನಿ ಹೇಗೆ ಸತ್ತಳೆಂಬುದನ್ನು ಒಂದನ್ನೂ ಬಿಡದೆ ಹೇಳಿದಳು, ಬಾಯಿಯ ನೊರೆಯನ್ನೂ. “ನಮಗೆಲ್ಲ ಇರೋದು ಅದೇ ಕಾಯಿಲೆ. ಇವರು ಚುಚ್ಚಿ ಕಳಿಸ್ತಾರೆ, ಬಾಯಿ ಮಾತ್ರ ಬಿಡಲ್ಲ.”

ಡಾಕ್ಟರ್ ತುಕಾನಾ ಕೋಣೆಯಿಂದ ಹೊರಗೆ ಬಂದರು. “ಏನಮ್ಮ ಇದು? ಭಾಷಣ ಮಾಡೋ ಜಾಗವಾ?”

“ನೀವು ಮಾಡಿದ್ದಿದ್ರೆ ನಾನ್ಯಾಕೆ ಮಾಡ್ತಿದ್ದೆ?”

“ಸಾಲು ಗೇಟಿನ ತನಕ ಇದೆ. ಇರೋದು ನಾನೊಬ್ಬ.”

“ಲೊಸಲಿನಿಯೂ ಆ ಸಾಲಲ್ಲೇ ನಿಂತಿದ್ಲು.”

ಅಷ್ಟರಲ್ಲಿ ಬೆಂಚಿನ ತುದಿಯಲ್ಲಿದ್ದ ಪುಟ್ಟ ಹುಡುಗಿ ಕೆಲೆರಾ ಚೀರಿಕೊಂಡು ಹೊರಗೆ ಓಡಿದಳು. ಅವಳ ಅಜ್ಜಿ ಎದ್ದು ಅಕೆನೆತಾಳ ಮುಂದೆ ನಿಂತಳು.

“ಒಂಬತ್ತು ವರ್ಷದ ಮಗು ಕಣೆ ಅದು. ನಿನ್ನ ಸಿಟ್ಟು ಡಾಕ್ಟರ ಮೇಲೆ. ಉಗಿದದ್ದು ಯಾರ ಮೇಲೆ?”

ಅಕೆನೆತಾ ಬೆಂಚಿನ ಮೇಲಿದ್ದವರ ಮುಖ ನೋಡಿದಳು. ಒಬ್ಬಳಿಗೂ ಏನೂ ಅರ್ಥವಾಗಿರಲಿಲ್ಲ. ಹೆದರಿಕೆ ಮಾತ್ರ ಹತ್ತಿತ್ತು. ಈಗ ಅವಳಿಗೆ ತನ್ನ ಮೇಲೂ ಸಿಟ್ಟು ಬಂತು.

ಕೆಲೆರಾ ಹೊರಗೆ ಅಂಗಳದ ದೀವಿ ಹಲಸಿನ ಮರದ ಬುಡದಲ್ಲಿ ಮುದುಡಿ ಕೂತಿದ್ದಳು. “ನಾನೂ ಸತ್ತೋಗ್ತೀನಾ ಅಕ್ಕ?”

“ಇಲ್ಲ. ನಾನು ಕೆಟ್ಟದಾಗಿ ಹೇಳ್ದೆ.” ಅಕೆನೆತಾ ಪಕ್ಕದಲ್ಲಿ ಕೂತಳು. ಹೇಗೆ ಹೇಳಬೇಕೆಂದು ಅವಳಿಗೂ ಗೊತ್ತಿರಲಿಲ್ಲ. “ಎದೆಯೊಳಗೆ ಪುಟ್ಟ ಬಾಗಿಲುಗಳು ಇರ್ತಾವೆ. ನಮ್ಮದರಲ್ಲಿ ಒಂದು ಸರಿಯಾಗಿ ಮುಚ್ಚಲ್ಲ. ಇಂಜೆಕ್ಷನ್ ತಗೊಂಡ್ರೆ ಅದು ಇನ್ನೂ ಹಾಳಾಗದ ಹಾಗೆ ತಡೆಯುತ್ತೆ. ಬಿಟ್ರೆ ಕಷ್ಟ. ದೊಡ್ಡವಳಾದ್ಮೇಲೆ ಮಗು ಬೇಕು ಅನ್ನಿಸಿದ್ರೆ ಮೊದಲು ಡಾಕ್ಟರನ್ನ ಕೇಳಬೇಕು. ಅಷ್ಟೇ.”

“ನಂಗೆ ಮಗು ಬೇಡ. ನಾಯಿಮರಿ ಬೇಕು.”

“ಅದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ.”

ಅವಳ ಕೈ ಹಿಡಿದು ಒಳಗೆ ತಂದಳು. ಮೊದಲು ತಾನು ಚುಚ್ಚಿಸಿಕೊಂಡಳು, ಆಮೇಲೆ ಕೆಲೆರಾ. ಹುಡುಗಿ ಅಕೆನೆತಾಳ ಬೆರಳುಗಳನ್ನು ನೋಯುವಷ್ಟು ಹಿಸುಕಿದಳು.

ಆಮೇಲೆ ಅಕೆನೆತಾ ಡಾಕ್ಟರ ಕೋಣೆಯ ಬಾಗಿಲಿಗೆ ಹೋದಳು. “ನನ್ನ ಕವಾಟ ಈಗ ಹೇಗಿದೆ? ಅಮ್ಮನಿಗಲ್ಲ, ನನಗೆ ಹೇಳಿ.”

ತುಕಾನಾ ಸಾಲನ್ನು ನೋಡಿದರು, ಅವಳನ್ನು ನೋಡಿದರು, ಕುರ್ಚಿ ತೋರಿಸಿದರು. ರಕ್ತ ಸ್ವಲ್ಪ ಹಿಂದಕ್ಕೆ ಸೋರುತ್ತಿದೆ, ಲೊಸಲಿನಿಯಷ್ಟು ಕೆಟ್ಟಿಲ್ಲ, ಇಂಜೆಕ್ಷನ್ ತಪ್ಪಿಸಬಾರದು, ವರ್ಷಕ್ಕೊಮ್ಮೆ ಸ್ಕ್ಯಾನ್ ಆಗಬೇಕು ಎಂದರು. ಅವಳು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರು. ಲೊಸಲಿನಿಯ ವಿಷಯಕ್ಕೆ ಮಾತ್ರ ತಲೆ ತಗ್ಗಿಸಿದರು.

ಇಷ್ಟೆಲ್ಲ ಮುಗಿಯಲು ಒಂದು ಲೋಟ ಟೀ ಕುಡಿಯುವಷ್ಟು ಹೊತ್ತು ಸಾಕಾಗಿತ್ತು. ಲಾರಿ ಹತ್ತಿದ ಮೇಲೆ ಅದು ಅವಳಿಗೆ ಹೊಳೆಯಿತು. ಹೊಳೆದದ್ದೇ ಮೈಯೆಲ್ಲ ಉರಿಯಿತು. ಇಷ್ಟೇ ಹೊತ್ತು. ಲೊಸಲಿನಿಗಾಗಿ ಇಷ್ಟು ಹೊತ್ತು ಯಾರ ಹತ್ತಿರವೂ ಇರಲಿಲ್ಲ.

ಸಂಜೆ ಅಡುಗೆಮನೆಯಲ್ಲಿ ಅಮ್ಮನಿಗೆ ಹೇಳಿದಳು. “ಸುವಾಗೆ ಹೆಸರು ಕೊಡ್ತೀನಿ. ಡಾಕ್ಟರಾಗೋಕೆ.”

“ರಾತ್ರಿಯೆಲ್ಲ ನಿಂತು ಕೆಲಸ ಮಾಡ್ತಾರಂತೆ. ನಿನ್ನ ಎದೆ ತಡ್ಕೊಳ್ಳುತ್ತಾ?”

“ಗೊತ್ತಿಲ್ಲ. ತಡೆಯದಿದ್ರೆ ಕೂತು ಮಾಡ್ತೀನಿ.”

ಮೆರೆಯಾ ಒಲೆಗೆ ಸೌದೆ ತಳ್ಳಿದಳು. “ನನ್ನ ಮೇಲೆ ಇನ್ನೂ ಕೋಪವಾ?”

“ಹೂಂ.”

ಮೆರೆಯಾ ಮಗಳಿಗೆ ಬಡಿಸಿದಳು. ಅಕೆನೆತಾ ಊಟ ಮಾಡಿದಳು. ತಟ್ಟೆ ತೊಳೆದಿಟ್ಟು, ಜೀವಶಾಸ್ತ್ರದ ಪುಸ್ತಕ ತೆಗೆದು, ನೋವಿಲ್ಲದ ಮಗ್ಗುಲಿಗೆ ಒರಗಿ ಓದಲು ಕೂತಳು.