ಹೊಸಿಲಿಗೆ ಅಡ್ಡ ಮಲಗಿದವಳು

ನಾರಿನ್ ಎಂಬ ಬೆಟ್ಟಸೀಮೆಯ ಒಂದು ಹಳ್ಳಿಯಲ್ಲಿ ಮದುವೆಗೆಂದು ಹೆಣ್ಣು ಹೊತ್ತೊಯ್ಯುವ ಅನಿಷ್ಟ ನಿಲ್ಲಲಿ ಎಂದು ಬುರುಲ್‌ಕಾನ್ ಮೂರು ವರ್ಷ ಮನೆಮನೆ ತಿರುಗಿ ಸಂಘ ಕಟ್ಟಿದ್ದಳು. ಮೆರವಣಿಗೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಕೂಗುತ್ತಿದ್ದವಳು ಅರವತ್ತರ ಸೋನುನ್‌ಬೂ. ಇವತ್ತು ಬೆಳಿಗ್ಗೆ ಅದೇ ಸೋನುನ್‌ಬೂವಿನ ಮಗ ಪಕ್ಕದೂರಿನ ಮೀರಿಮ್ ಎಂಬ ಹತ್ತೊಂಬತ್ತರ ಹುಡುಗಿಯನ್ನು ಕಾರಿಗೆ ತುಂಬಿಕೊಂಡು ತಂದಿದ್ದ. ತಾಯಿ ಅವನ ಕೆನ್ನೆಗೆ ಬಾರಿಸಿದಳೇ? ಎಲ್ಲಿಯ ಮಾತು! ಬಿಳಿ ವಸ್ತ್ರ ಹಿಡಿದು ಬಾಗಿಲಲ್ಲೇ ಕಾದಿದ್ದಳು. ಅದು ಹುಡುಗಿಯ ತಲೆಗೆ ಬಿತ್ತೆಂದರೆ ಮದುವೆಗೆ ಒಪ್ಪಿದ ಹಾಗೆಯೇ.

ಬುರುಲ್‌ಕಾನ್ ಆ ಮನೆಯ ಅಂಗಳಕ್ಕೆ ಬರುವಷ್ಟರಲ್ಲಿ ಅರ್ಧ ಊರು ಸೇರಿತ್ತು.

"ಬಂದ್ಲು ನೋಡ್ರಪ್ಪ, ಸಂಘದ ಯಜಮಾನಿ!" ಎಂದ ಊರ ಹಿರಿಯ ಟೆಮಿರ್‌ಬೆಕ್. "ನಿಮ್ಮ ಬಂಡವಾಳ ಬಯಲಾಯ್ತಲ್ಲಮ್ಮ. ಬುದ್ಧಿ ಹೇಳೋದೆಲ್ಲ ಬೇರೆಯವರ ಮಕ್ಕಳಿಗೆ ಮಾತ್ರಾನಾ?"

ಸುತ್ತ ನಿಂತವರು ಕಿಸಕ್ಕೆಂದು ನಕ್ಕರು. ಬುರುಲ್‌ಕಾನ್‌ಗೆ ಮೈಯೆಲ್ಲ ಉರಿದುಹೋಯಿತು.

"ಒಬ್ಬಳು ಮಾಡಿದ್ದಕ್ಕೆ ಇಡೀ ಸಂಘಾನ ಯಾಕೆ ಎಳೀತೀರಿ ಅಜ್ಜ? ನಮಾಜು ಮಾಡೋನು ಕುರಿ ಕದ್ರೆ ಮಸೀದಿಗೆ ಬೀಗ ಹಾಕ್ತೀರಾ?"

"ಕುರಿ ಕದಿಬೇಡಿ ಅಂತ ಅವನು ಬಾವುಟ ಹಿಡಿದು ತಿರುಗ್ಲಿಲ್ಲವಲ್ಲ!"

ಮತ್ತೆ ನಗು. ಬುರುಲ್‌ಕಾನ್ ಕೂಗಿಬಿಟ್ಟಳು: "ಇವತ್ತಿಂದ ಅವಳು ನಮ್ಮೋಳೇ ಅಲ್ಲ! ಕಾಗದ ಕೊಡಿ, ಬರೆದುಕೊಡ್ತೀನಿ!"

ಯಾರೋ ಕಾಗದ ಕೊಟ್ಟರು. ಅವಳು ಬೇಲಿಗೆ ಒತ್ತಿಟ್ಟು ಬರೆಯತೊಡಗಿದಳು. ಆಗ ಒಳಗಿನ ಪರದೆಯ ಹಿಂದಿನಿಂದ ಅತ್ತು ಅತ್ತು ಒಡೆದ ದನಿ ಕೇಳಿತು.

"ಅಕ್ಕಾ, ಅದನ್ನ ಆಮೇಲೆ ಬರ್ಕೊಳ್ಳಿ. ಮೊದಲು ನನ್ನನ್ನ ಮನೆಗೆ ಕಳಿಸಿ."

ಬುರುಲ್‌ಕಾನ್‌ಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಹುಡುಗಿ ಒಳಗೆ ಸೆರೆಯಾಗಿರುವಾಗ ತಾನು ಸಂಘದ ಮಾನ ಕಾಯುತ್ತ ನಿಂತಿದ್ದೆನಲ್ಲ! ಕಾಗದ ಬಿಸಾಡಿ ಬಾಗಿಲಿಗೆ ನುಗ್ಗಿದಳು.

ಸೋನುನ್‌ಬೂ ದಡಕ್ಕನೆ ಹೊಸಿಲಿಗೆ ಅಡ್ಡ ಮಲಗಿಬಿಟ್ಟಳು. ಹೀಗೆ ಮಲಗಿದ ಹಿರಿಯ ಹೆಂಗಸನ್ನು ದಾಟಿದವಳಿಗೆ ಬಾಳಿಲ್ಲ, ಮಕ್ಕಳಿಲ್ಲ ಎಂಬುದು ಅಲ್ಲಿಯ ನಂಬಿಕೆ. ಆ ಶಾಪಕ್ಕೆ ಹೆದರಿಯೇ ಎಷ್ಟೋ ಹುಡುಗಿಯರು ಹೊಸಿಲ ಒಳಗೇ ಮುದುಕಿಯರಾಗಿದ್ದರು.

"ದಾಟೇ, ನೋಡೋಣ! ನನ್ನನ್ನೂ ಹಿಂಗೇ ತಂದಿದ್ರು. ಸತ್ತೋದ್ನಾ?"

"ಅದನ್ನ ಹೇಳ್ಕೊಂಡೇ ಅಲ್ವೇನಕ್ಕ ನೀನು ನನ್ನ ಹೆಗಲ ಮೇಲೆ ಅತ್ತಿದ್ದು?"

ಸೋನುನ್‌ಬೂ ಕಣ್ಣು ಮುಚ್ಚಿಕೊಂಡಳು. ಆದರೆ ಏಳಲಿಲ್ಲ.

ಬುರುಲ್‌ಕಾನ್ ಲಂಗ ಎತ್ತಿ ಅವಳನ್ನು ದಾಟಿದಳು. ಮಗನೂ ಅವನ ಗೆಳೆಯರೂ ಬಾಯಿ ಬಿಟ್ಟುಕೊಂಡು ನಿಂತರು, ತಡೆಯಲು ಯಾರಿಗೂ ಕೈ ಬರಲಿಲ್ಲ. ಅವಳು ಮೀರಿಮಳ ಕೈ ಹಿಡಿದು, "ಶಾಪ ಏನಿದ್ರೂ ಮೊದಲು ನನಗೆ ತಟ್ಟುತ್ತೆ. ಬಾ ಮಗಳೇ" ಎಂದಳು. ಇಬ್ಬರೂ ದಾಟಿ ಹೊರಬಂದರು.

"ಥೂ! ಹಿರಿಯರನ್ನ ದಾಟ್ಕೊಂಡು ಹೋಗೋದು, ಇದೇನಾ ನಿಮ್ಮ ಸಂಘ?" ಎಂದು ಟೆಮಿರ್‌ಬೆಕ್ ಉಗಿದ.

"ಹೌದಜ್ಜ, ಇದೇ. ಅಲ್ಲಿ ಮಲಗಿರೋಳೂ ನಮ್ಮೋಳೇ, ದಾಟಿದೋಳೂ ನಮ್ಮೋಳೇ. ಏನು ಬೇಕಾದ್ರೂ ಅಂದ್ಕೊಳ್ಳಿ. ಈಗ ದಾರಿ ಬಿಡಿ, ಹುಡುಗಿ ಮನೆಗೆ ಹೋಗ್ಬೇಕು."